ಗಾಜಿನ ನಡುವೆ ನಿಂತ ವೈಪರ್

ಕಳೆದ ಮೇ ತಿಂಗಳ ಒಂದು ಸಂಜೆ ಅಮ್ಮನನ್ನು ಕೂರಿಸಿಕೊಂಡು ಮಂಡ್ಯದಿಂದ ಮೈಸೂರಿಗೆ ಮರಳುತ್ತಿದ್ದಾಗ, ಶ್ರೀರಂಗಪಟ್ಟಣ ಇನ್ನೂ ಸ್ವಲ್ಪ ದೂರವಿದೆ ಎನ್ನುವಷ್ಟರಲ್ಲಿ ಮಳೆ ಬಿರುಸಾಗಿ ಹಿಡಿದುಕೊಂಡಿತು. ನಮ್ಮ 1997ರ ಪೆಟ್ರೋಲ್ ಕಾರಿನ ವೈಪರ್‌ಗಳು ಮೊದಲು ನಿಧಾನವಾದವು, ಆಮೇಲೆ ಭಾರ ಎಳೆಯುವ ಎತ್ತಿನಂತೆ ತಡವರಿಸಿದವು, ಕೊನೆಗೆ ಸ್ವಿಚ್ ಹಾಕಿದ್ದಂತೆಯೇ ಗಾಜಿನ ನಟ್ಟನಡುವೆ ನಿಂತುಬಿಟ್ಟವು. ಎದುರಿನ ಲಾರಿಯ ದೀಪಗಳು ನೀರಿನಲ್ಲಿ ಹರಡಿ ರಸ್ತೆಯ ಅಂಚೇ ಕಾಣದಾಯಿತು. ಕಾರನ್ನು ಬದಿಗೆ ಇಳಿಸಿ ಸುಮಾರು ಅರ್ಧ ಗಂಟೆ ಕಾದೆವು. ಮಳೆ ತಗ್ಗಿದ ಮೇಲೆ ಸ್ವಿಚ್ ಒತ್ತಿದರೆ ವೈಪರ್‌ಗಳು ಏನೂ ಆಗಿಲ್ಲವೆಂಬಂತೆ ಓಡಿದವು.

ಮರುದಿನ ಮೈಸೂರಿನ ಒಂದು ಗ್ಯಾರೇಜಿನಲ್ಲಿ ಮೋಟಾರು ಹೋಗಿದೆಯೆಂದು ಹೇಳಿ, ಗುಜರಿಯಿಂದ ತಂದ ಬೇರೊಂದು ಮೋಟಾರನ್ನು ಜೋಡಿಸಿದರು. ಗಾಜಿನ ಮೇಲೆ ನೀರು ಸುರಿದು ಒಂದೆರಡು ನಿಮಿಷ ಓಡಿಸಿ ತೋರಿಸಿದರು, ನಾನೂ ಒಪ್ಪಿ ಹಣ ಕೊಟ್ಟು ಬಂದೆ. ಮುಂದಿನ ಮಳೆಯಲ್ಲಿ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮತ್ತದೇ ಕಥೆಯಾಯಿತು.

ಮಂಡ್ಯದಲ್ಲಿರುವ ನನ್ನ ದೊಡ್ಡಪ್ಪ ಕಬ್ಬಿನ ಟ್ರ್ಯಾಕ್ಟರುಗಳನ್ನು ರಿಪೇರಿ ಮಾಡಿಕೊಂಡೇ ಬದುಕು ಸಾಗಿಸಿದವರು. ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡು, "ಮೊದ್ಲು ರಾಡ್ ಬಿಚ್ಚಾಕಿ ಮೋಟ್ರು ಒಂದನ್ನೇ ಓಡ್ಸಿ ನೋಡ್ಲಾ ಮಗ, ಆಮ್ಯಾಕೆ ಕಾಸು ಖರ್ಚು ಮಾಡೀವಂತೆ" ಎಂದರು. ಹಳೆಯ ಕಾರಿನ ವೈಪರ್ ಕೆಟ್ಟಾಗ ಮಾಡಬೇಕಾದ ಮೊದಲ ಕೆಲಸ ಇದೇ ಎಂದು ಈಗ ನನಗೆ ಖಚಿತವಾಗಿದೆ, ಏಕೆಂದರೆ ದೋಷ ವಿದ್ಯುತ್ತಿನದೋ ಯಂತ್ರದ ಭಾಗಗಳದೋ ಎಂಬುದನ್ನು ಈ ಒಂದು ಪರೀಕ್ಷೆಯೇ ಬಹುಮಟ್ಟಿಗೆ ಬೇರ್ಪಡಿಸಿ ತೋರಿಸುತ್ತದೆ.

ವ್ಯವಸ್ಥೆ ಸರಳವಾದದ್ದು. ಮೋಟಾರಿನ ಶಾಫ್ಟಿನ ತುದಿಯಲ್ಲಿ ತಿರುಪಿನಂತೆ ಕೊರೆದ ಭಾಗವೊಂದು ಹಲ್ಲುಚಕ್ರವನ್ನು ತಿರುಗಿಸುತ್ತದೆ. ಅಲ್ಲಿ ವೇಗ ಇಳಿದು ಬಲ ಹೆಚ್ಚುತ್ತದೆ. ಚಕ್ರದಿಂದ ಹೊರಬಂದ ಸಣ್ಣ ಕ್ರ್ಯಾಂಕು ಎರಡು ಲಿಂಕ್ ರಾಡ್‌ಗಳನ್ನು ಎಳೆದು ತಳ್ಳುತ್ತದೆ. ರಾಡ್‌ಗಳು ಗಾಜಿನ ಬುಡದಲ್ಲಿರುವ ಎರಡು ಸ್ಪಿಂಡಲ್‌ಗಳನ್ನು ಅತ್ತಿತ್ತ ತಿರುಗಿಸುತ್ತವೆ, ಆ ಸ್ಪಿಂಡಲ್‌ಗಳ ತಲೆಯ ಮೇಲೆಯೇ ನಾವು ಹೊರಗಿನಿಂದ ಕಾಣುವ ವೈಪರ್ ತೋಳುಗಳು ಕೂತಿರುತ್ತವೆ. ಸ್ವಿಚ್ ಹಾಕಿದಾಗ ಮೋಟಾರಿನ ಗುಂಯ್‌ಗುಟ್ಟುವ ಸದ್ದು ಸರಾಗವಾಗಿ ಕೇಳಿಸಿಯೂ ತೋಳು ಅಲುಗದಿದ್ದರೆ ರಾಡ್ ಕಳಚಿದೆ ಅಥವಾ ತೋಳಿನ ನಟ್ ಸಡಿಲವಾಗಿದೆ. ಸದ್ದೇ ಇಲ್ಲದಿದ್ದರೆ ಫ್ಯೂಸ್, ಸ್ವಿಚ್, ವೈರಿಂಗ್‌ಗಳನ್ನು ನೋಡಬೇಕು. ನಮ್ಮ ಕಾರಿನಂತೆ ಎಳೆದೆಳೆದು ಓಡಿ, ಬಿಸಿಯಾಗಿ ನಿಂತು, ತಣ್ಣಗಾದ ಮೇಲೆ ಮತ್ತೆ ಓಡಿದರೆ, ಮೋಟಾರು ತನ್ನ ಶಕ್ತಿಗೆ ಮೀರಿದ ಹೊರೆಯನ್ನು ಎಳೆಯುತ್ತಿದೆಯೆಂದು ಮೊದಲು ಶಂಕಿಸಬೇಕು. ಅನೇಕ ಮೋಟಾರುಗಳ ಒಳಗೆ ವಿಪರೀತ ಬಿಸಿಯಾದಾಗ ವಿದ್ಯುತ್ತನ್ನು ತಾನಾಗಿಯೇ ಕಡಿದು ಕಾಪಾಡುವ ಪುಟ್ಟ ವ್ಯವಸ್ಥೆಯಿರುತ್ತದೆ.

ಭಾನುವಾರ ಬೆಳಿಗ್ಗೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿ, ಕ್ರ್ಯಾಂಕಿನಿಂದ ಎರಡೂ ರಾಡ್‌ಗಳನ್ನು ಬಿಡಿಸಿದೆ. ಟರ್ಮಿನಲ್ ಕಳಚದೆ ಅಲ್ಲಿ ಬೆರಳಿಡಬಾರದು, ಆ ರಾಡ್‌ಗಳ ನಡುವೆ ಬೆರಳು ಸಿಕ್ಕಿದರೆ ಮೋಟಾರು ಕರುಣೆ ತೋರದು. ಬಿಡಿಸಿದ ಮೇಲೆ ಬ್ಯಾಟರಿ ಜೋಡಿಸಿ ಓಡಿಸಿದರೆ, ಮೋಟಾರು ಎರಡೂ ವೇಗಗಳಲ್ಲಿ ಹೂವೆತ್ತಿದಂತೆ ತಿರುಗಿತು. ಬಳಿಕ ವೈಪರ್ ತೋಳುಗಳನ್ನು ಕೈಯಿಂದ ಆಡಿಸಿ ನೋಡಿದೆ. ಎಡಗಡೆಯದು ಸುಲಭವಾಗಿ ಬಂತು. ಚಾಲಕನ ಎದುರಿನದು ತುಕ್ಕು ಹಿಡಿದ ಗೇಟಿನ ಕೀಲಿನಂತೆ ಬಿಗಿಯಾಗಿತ್ತು.

ಆ ಸ್ಪಿಂಡಲ್‌ಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೆಯೇ ಇಟ್ಟೆ. ಮರುದಿನ ಲಾಕ್ ತೆಗೆದು ಸ್ಪಿಂಡಲನ್ನು ಹೊರಕ್ಕೆಳೆದಾಗ ಗ್ರೀಸ್ ಇದ್ದ ಜಾಗದಲ್ಲಿ ಕಂದು ಪುಡಿಯಷ್ಟೇ ಉಳಿದಿತ್ತು. ನಯವಾದ ಉಪ್ಪುಕಾಗದದಿಂದ ಉಜ್ಜಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸ್ ತುಂಬಿ ಕೂರಿಸಿದ ಮೇಲೆ ತೋಳು ಒಂದೇ ಬೆರಳಿಗೆ ಅಲುಗಿತು. ರಾಡಿನ ತುದಿಯ ಪ್ಲಾಸ್ಟಿಕ್ ಬುಷ್ ಸವೆದಿದ್ದುದರಿಂದ ಅದನ್ನೂ ಬದಲಿಸಿದೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು, ಆದರೆ ಹೆಡ್‌ಲೈಟ್ ಹಾಕಿದಾಗ ವೈಪರ್ ಇನ್ನೂ ತುಸು ಮಂದವಾಗುತ್ತಿತ್ತು. ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಮೋಟಾರಿನ ಲೋಹದ ಮೈಗೆ ಹಿಡಿದು ವೈಪರ್ ಓಡಿಸಿದೆ. ಅರ್ಥಿಂಗ್, ಅಂದರೆ ವಿದ್ಯುತ್ತು ಮೋಟಾರಿನಿಂದ ಬ್ಯಾಟರಿಗೆ ಮರಳುವ ದಾರಿ, ಸರಿಯಿದ್ದರೆ ಅಲ್ಲಿ ಹೆಚ್ಚುಕಡಿಮೆ ಸೊನ್ನೆ ತೋರಬೇಕು. ನನ್ನ ಮೀಟರು 1.6 ವೋಲ್ಟ್ ತೋರಿಸಿತು. 12 ವೋಲ್ಟಿನ ವ್ಯವಸ್ಥೆಯಲ್ಲಿ ಅಷ್ಟು ಸೋರಿಹೋದರೆ ಮೋಟಾರಿಗೆ ಉಳಿಯುವುದು ಎಷ್ಟು? ಅಲುಗಾಟ ತಡೆಯಲು ಮೋಟಾರನ್ನು ರಬ್ಬರಿನ ಮೇಲೆ ಕೂರಿಸಿರುವುದರಿಂದ ಅದರ ಅರ್ಥಿಂಗ್‌ಗೆ ಒಂದು ವೈರನ್ನೇ ಅವಲಂಬಿಸಬೇಕು, ಆ ವೈರಿನ ಬೋಲ್ಟಿನ ಕೆಳಗೆ ತುಕ್ಕು ಕಟ್ಟಿತ್ತು. ಕೆರೆದು ಬಿಗಿದ ಮೇಲೆ ಮೀಟರು 0.1ಕ್ಕೆ ಇಳಿಯಿತು.

ತೋಳುಗಳನ್ನು ಮತ್ತೆ ಕೂರಿಸುವಾಗ ಅನೇಕರು ಎಡವುವ ಒಂದು ಸಂಗತಿಯಿದೆ. ಸ್ವಿಚ್ ಆಫ್ ಮಾಡಿದ ಮೇಲೂ ಮೋಟಾರು ತನ್ನ ವಿಶ್ರಾಂತಿಯ ಜಾಗ ತಲುಪುವವರೆಗೆ ಓಡುತ್ತದೆ. ಹಲ್ಲುಚಕ್ರದ ಮೇಲಿನ ತಾಮ್ರದ ಪಟ್ಟಿಯಲ್ಲಿ ಬೇಕೆಂದೇ ಬಿಟ್ಟಿರುವ ಒಂದು ಖಾಲಿ ಜಾಗ ಅಲ್ಲಿ ವಿದ್ಯುತ್ತನ್ನು ಕಡಿಯುತ್ತದೆ. ಆದ್ದರಿಂದ ಮೊದಲು ಮೋಟಾರನ್ನು ಓಡಿಸಿ, ಆಫ್ ಮಾಡಿ, ಅದು ತಾನಾಗಿ ನಿಂತ ಮೇಲಷ್ಟೇ ತೋಳುಗಳನ್ನು ಗಾಜಿನ ಕೆಳಅಂಚಿಗೆ ಹೊಂದಿಸಿ ನಟ್ ಬಿಗಿಯಬೇಕು. ಫ್ಯೂಸ್ ವಿಷಯದಲ್ಲಿ ಒಂದೇ ಮಾತು: ಬಿಗಿಯಾದ ವೈಪರ್ ಪದೇಪದೇ ಫ್ಯೂಸ್ ಸುಡುತ್ತಿದ್ದರೆ ದೊಡ್ಡ ಫ್ಯೂಸನ್ನಾಗಲಿ ತಾಮ್ರದ ಎಳೆಯನ್ನಾಗಲಿ ಹಾಕಲೇಬಾರದು, ಆಗ ಸುಡುವುದು ವೈರಿಂಗ್.

ಸ್ಪಿಂಡಲ್‌ಗೂ ಅರ್ಥಿಂಗ್ ಬೋಲ್ಟಿಗೂ ಒಟ್ಟಿಗೆ ತುಕ್ಕು ಹಿಡಿದದ್ದು ಏಕೆ ಎಂಬುದು ಕೊನೆಗೆ ತಿಳಿಯಿತು. ನಮ್ಮ ಕಾರು ನಿಲ್ಲುವುದು ಮನೆಯೆದುರಿನ ಹೊಂಗೆಮರದ ಕೆಳಗೆ. ಬೇಸಿಗೆಯಲ್ಲಿ ಅದರ ಎಲೆ, ಹೂವುಗಳೆಲ್ಲ ಗಾಜಿನ ಬುಡದ ಜಾಲರಿಯೊಳಗೆ ಉದುರಿ, ಕೊಳೆತು, ನೀರು ಇಳಿದುಹೋಗುವ ತೂತನ್ನು ಮುಚ್ಚಿಬಿಟ್ಟಿದ್ದವು. ಪ್ರತಿ ಮಳೆಯ ನೀರೂ ದಿನಗಟ್ಟಲೆ ಅಲ್ಲೇ ನಿಲ್ಲುತ್ತಿತ್ತು. ಎರಡು ಬೊಗಸೆ ಗೊಬ್ಬರವನ್ನು ನಾನೇ ಕೈಯಾರೆ ತೆಗೆದೆ. ಆ ನೆರಳು ನನಗೆ ಪ್ರಿಯವಾದದ್ದು, ಕಾರು ಈಗಲೂ ಅಲ್ಲೇ ನಿಲ್ಲುತ್ತದೆ. ಬದಲಾದದ್ದೆಂದರೆ ತಿಂಗಳಿಗೊಮ್ಮೆ ಜಾಲರಿ ಎತ್ತಿ, ಒಂದು ಚೊಂಬು ನೀರು ಸುರಿದು, ಅದು ಚಕ್ರದ ಹಿಂದೆ ನೆಲಕ್ಕೆ ಬೀಳುವವರೆಗೆ ನಿಂತು ನೋಡುತ್ತೇನೆ.

ಗ್ಯಾರೇಜಿನವರು ತೆಗೆದಿಟ್ಟಿದ್ದ ನಮ್ಮ ಮೊದಲ ಮೋಟಾರನ್ನು ಕೇಳಿ ತಂದು ಬ್ಯಾಟರಿಗೆ ಹಿಡಿದು ನೋಡಿದೆ. ಅದಕ್ಕೆ ಏನೂ ಆಗಿರಲಿಲ್ಲ. ಈಗ ಕಾರಿನಲ್ಲಿರುವುದು ಅದೇ.