ಅಪ್ಪನ ಹಳೇ ಮೇಲ್ ಮತ್ತು ಒಂದು ಭಾನುವಾರ

ಅಪ್ಪ ಮುಂಬೈ ಫೋರ್ಟಿನ ಆಫೀಸಿನಿಂದ 2011ರಲ್ಲಿ ರಿಟೈರ್ ಆದಾಗ ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಒಂದು ಡಿವಿಡಿ ಕೊಟ್ಟಿದ್ದ. ಅಪ್ಪನ ಅಷ್ಟೂ ವರ್ಷದ ಮೇಲ್ ಅದರಲ್ಲಿತ್ತು. ನಮ್ಮ ಡೊಂಬಿವ್ಲಿ ಮನೆಯ ಕಪಾಟಿನಲ್ಲಿ ಎಫ್‌ಡಿ ರಸೀದಿಗಳ ನಡುವೆ ಅದು ಸುಮ್ನೆ ಬಿದ್ದಿತ್ತು. ಹೋದ ತಿಂಗಳು ಅಪ್ಪನಿಗೆ ಏನು ನೆನಪಾಯಿತೋ, "ಕಾರ್ಕಳದಿಂದ ಅಣ್ಣ ಬರೆದ ಮೇಲ್ ಅದರಲ್ಲಿ ಉಂಟು ಮಾರಾಯ, ಒಮ್ಮೆ ತೆಗೆದು ಕೊಡು" ಅಂದರು. ದೊಡ್ಡಪ್ಪ ಈಗ ಇಲ್ಲ.

ನನ್ನ ಲ್ಯಾಪ್‌ಟಾಪಿಗೆ ಡಿವಿಡಿ ಹಾಕುವ ಜಾಗವೇ ಇಲ್ಲ. ಭಾನುವಾರ ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆ ಲೋಕಲ್ ಗಾಡಿ ನಿಲ್ಲಿಸುವುದು, ಇರುತ್ತದೆ ಅಂತ ಶನಿವಾರವೇ ಹೊರಟೆ, ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿನಲ್ಲಿ ಯುಎಸ್‌ಬಿ ಡ್ರೈವ್ ಒಂದನ್ನು ತಂದೆ. ಡಿವಿಡಿ ಓದಿತು. ಒಳಗೆ ಇದ್ದದ್ದು ಒಂದೇ ಫೈಲ್, 1.6 ಜಿಬಿ, ಹೆಸರಿನ ಕೊನೆಯಲ್ಲಿ ಪಿಎಸ್‌ಟಿ ಅಂತ.

ಪಿಎಸ್‌ಟಿ ಅಂದರೆ ಮೈಕ್ರೋಸಾಫ್ಟಿನ ಮೇಲ್ ತಂತ್ರಾಂಶ ಔಟ್‌ಲುಕ್‌ ಮೇಲ್ ತುಂಬಿಡುವ ಪೆಟ್ಟಿಗೆ. ನನ್ನ ಹತ್ತಿರ ಇರುವುದು ವಿಂಡೋಸ್ ಬದಲಿಗೆ ಉಬುಂಟು ಮತ್ತು ಮೇಲ್ ಓದಲು ಥಂಡರ್‌ಬರ್ಡ್, ಎರಡೂ ಬಿಟ್ಟಿ. ಥಂಡರ್‌ಬರ್ಡ್‌ಗೆ ಈ ಫೈಲ್ ನೇರವಾಗಿ ಓದಲು ಬರುವುದಿಲ್ಲ, ಅದಕ್ಕೆ ಬೇಕಾದದ್ದು ಎಂಬಾಕ್ಸ್ ಅನ್ನುವ ಬೇರೆ ಬಗೆಯ ಮೇಲ್ ಫೈಲ್. 'ಫ್ರೀ ಕನ್ವರ್ಟರ್' ಅಂತ ಹುಡುಕಿದರೆ ರಾಶಿ ರಾಶಿ ಸಿಗುತ್ತವೆ. ಒಂದನ್ನು ತೆರೆದೆ, ಪ್ರತಿ ಫೋಲ್ಡರಿನಲ್ಲಿ ಮೊದಲ ಒಂದಿಷ್ಟು ಮೇಲ್ ಮಾತ್ರ ಪುಕ್ಕಟೆ, ಉಳಿದದ್ದಕ್ಕೆ ದುಡ್ಡು. ಇನ್ನೊಂದು, ಫೈಲನ್ನೇ ಅಪ್‌ಲೋಡ್ ಮಾಡಿ ಅಂದಿತು. ಅಪ್ಪನ ಹತ್ತು ವರ್ಷದ ಮೇಲ್ ಗುರುತಿಲ್ಲದವರ ಕೈಗೆ ಕೊಡುವುದಾ? ಮುಚ್ಚಿಟ್ಟೆ.

ಕೊನೆಗೆ ಕೈ ಹಿಡಿದದ್ದು ರೀಡ್‌ಪಿಎಸ್‌ಟಿ ಅನ್ನುವ ಪುಟ್ಟ ಉಪಕರಣ. ಪಿಎಸ್‌ಟಿ-ಯುಟಿಲ್ಸ್ ಅನ್ನುವ ಪ್ಯಾಕೇಜ್ ಹಾಕಿಕೊಂಡರೆ ಬರುತ್ತದೆ. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿದೆ, ಚಹಾ ಮುಗಿಯುವ ಹೊತ್ತಿಗೆ ಎಲ್ಲಾ ಆಗಿತ್ತು. ಆದರೆ ನಾನು ಆ ಸಾಲಿನಲ್ಲಿ ಮೈನಸ್ ಆರ್ ಅನ್ನುವ ಆಯ್ಕೆ ಹಾಕಿದ್ದೆ. ಹಾಗೆ ಹಾಕಿದರೆ ಇನ್‌ಬಾಕ್ಸ್, ಸೆಂಟ್, ಪರ್ಸನಲ್ ಅಂತ ಬೇರೆ ಬೇರೆ ಫೋಲ್ಡರ್ ಆಗುತ್ತವೆ, ಆದರೆ ಪ್ರತಿಯೊಂದರ ಒಳಗಿನ ಫೈಲಿನ ಹೆಸರೂ 'ಎಂಬಾಕ್ಸ್' ಅಂತಲೇ! ನೋಡದೆ ಎಲ್ಲವನ್ನೂ ಥಂಡರ್‌ಬರ್ಡ್‌ನ ಲೋಕಲ್ ಫೋಲ್ಡರ್ಸ್‌ಗೆ ಕಾಪಿ ಮಾಡಿದೆ, ಒಂದರ ಮೇಲೊಂದು ಕೂತು ಕೊನೆಯದು ಮಾತ್ರ ಉಳಿಯಿತು. ತೆರೆದರೆ ಬರೀ ಡಿಲೀಟೆಡ್ ಮೇಲ್. ಅಪ್ಪ ಹಿಂದೆ ನಿಂತು, "ಇಷ್ಟೇ ಉಂಟಾ?" ಅಂದರು. ಹೊಟ್ಟೆ ಧಸಕ್ ಅಂದಿತು, ಪುಣ್ಯಕ್ಕೆ ಮೂಲ ಫೈಲ್ ಹಾಗೇ ಇತ್ತು. ಥಂಡರ್‌ಬರ್ಡ್ ಮುಚ್ಚಿ, ಒಂಬತ್ತು ಫೈಲಿಗೂ ಕೈಯಾರೆ ಹೆಸರು ಬದಲಿಸಿ ಮತ್ತೆ ಹಾಕಿದೆ. ಈ ಸಲ ಎಡಗಡೆ ಪಟ್ಟಿಯಲ್ಲಿ ಸಾಲಾಗಿ ಬಂದವು.

ಅಪ್ಪ ಕೂತು ಓದತೊಡಗಿದರು. ಸ್ವಲ್ಪ ಹೊತ್ತಿಗೆ ಆಕ್ಷೇಪ ಬಂತು. ಅವರು ಇಂಗ್ಲಿಷಿನಲ್ಲಿ 'ಫ್ರಮ್ ಟುಮಾರೋ' ಅಂತ ಶುರು ಮಾಡಿದ ಸಾಲಿನ ಮುಂದೆ ಬಾಣದ ತಲೆಯಂಥ ಗುರುತು ಒಂದಿತ್ತು. "ಇದು ಎಂತ? ನಾನು ಹೀಗೆ ಬರೆದದ್ದಲ್ಲ." ಎಂಬಾಕ್ಸ್‌ನಲ್ಲಿ ಎಲ್ಲಾ ಮೇಲ್ ಒಂದೇ ಉದ್ದ ಫೈಲಿನಲ್ಲಿರುತ್ತವೆ, 'ಫ್ರಮ್' ಅಂತ ಸಾಲು ಶುರುವಾದರೆ ಹೊಸ ಮೇಲ್ ಬಂತು ಅಂತ ಲೆಕ್ಕ. ಅದಕ್ಕೇ ಕಾಗದದ ಒಳಗೆ ಅದೇ ಪದ ಸಾಲಿನ ಮೊದಲಿಗೆ ಬಂದರೆ ಗೊಂದಲ ಆಗದಿರಲಿ ಅಂತ ಈ ಗುರುತು. ಹೇಳಿದೆ. ಅಪ್ಪನಿಗೆ ಸಮಾಧಾನ ಆಗಲಿಲ್ಲ. ಅಕೌಂಟ್ಸ್‌ನಲ್ಲಿ ಇದ್ದವರು, ಒಂದು ಚುಕ್ಕಿ ಜಾಸ್ತಿ ಇದ್ದರೂ ಸಹಿಸುವುದಿಲ್ಲ.

ದೊಡ್ಡಪ್ಪನ ಮೇಲ್ ಸಿಕ್ಕಿತು, 2004ರದ್ದು. ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ತಲೆ ಮೇಲೆ ಗೆರೆ, ಚುಕ್ಕಿ, ಟೋಪಿ. ಫೈಲ್ ಹಾಳಾಯಿತು ಅಂದುಕೊಂಡೆ, ಆದರೆ ಹೊಳೆದದ್ದು ಆಮೇಲೆ. ದೊಡ್ಡಪ್ಪ ಸೈಬರ್ ಕೆಫೆಯಲ್ಲಿ ಕೂತು ಬರೆದದ್ದು 'ಬರಹ' ಅನ್ನುವ ಕನ್ನಡ ತಂತ್ರಾಂಶದಲ್ಲಿ. ಆಗ ಕನ್ನಡ ಅಕ್ಷರಕ್ಕೆ ಅದರದ್ದೇ ಸಂಕೇತ ಕೊಡುವ ಯೂನಿಕೋಡ್ ಇಷ್ಟು ಬಳಕೆಗೆ ಬಂದಿರಲಿಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರಗಳೇ, ಕನ್ನಡದ ವೇಷ ಹಾಕಿಸುವುದು ಫಾಂಟ್. ಬರಹದ ಆ ಬಿಆರ್‌ಎಚ್ ಫಾಂಟ್ ಹುಡುಕಿ ಹಾಕಿ, ಥಂಡರ್‌ಬರ್ಡ್ ಮತ್ತೆ ತೆರೆದೆ.

"ತಮ್ಮಾ, ಈ ಸಲ ಬರುವಾಗ ಮಾಟುಂಗದಿಂದ ಫಿಲ್ಟರ್ ಕಾಫಿಪುಡಿ ಅರ್ಧ ಕೆಜಿ ತಾ. ಇಲ್ಲಿ ಮಳೆ ಬಿಡಲಿಲ್ಲ. ಬಾವಿಕಟ್ಟೆಯವರೆಗೆ ನೀರು ಬಂದಿದೆ."

ಅಪ್ಪ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. "ತಂದಿದ್ದೆ, ಅದು ಕಹಿ ಅಂತ ಬೈದ," ಅಂದರು.

ಥಂಡರ್‌ಬರ್ಡ್‌ನ ಹುಡುಕುವ ಪೆಟ್ಟಿಗೆಯಲ್ಲಿ 'ಮಳೆ' ಅಂತ ಹುಡುಕಿದರೆ ಈ ಮೇಲ್ ಬರುವುದಿಲ್ಲ, ಒಳಗಿರುವುದು ಕನ್ನಡವಲ್ಲವಲ್ಲ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಡಲಾ ಅಂದೆ. ಬೇಡವಂತೆ, ತಾರೀಕಿನ ಮೇಲೆ ಹುಡುಕುತ್ತಾರಂತೆ. ಪಿಎಸ್‌ಟಿ ಫೈಲನ್ನು ಪೆನ್‌ಡ್ರೈವ್‌ಗೂ ಹಾಕಿಟ್ಟೆ. ಡಿವಿಡಿಯನ್ನು ಅಪ್ಪ ಮತ್ತೆ ರಸೀದಿಗಳ ನಡುವೆಯೇ ಇಟ್ಟು ಕಪಾಟಿಗೆ ಬೀಗ ಹಾಕಿದರು.