ಮ್ಯಾತ್ ಎರರ್ ಮತ್ತು ನಮ್ಮ ಮ್ಯಾತ್ಸ್ ಸರ್

ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕೇಳಿದಾಗ ಸ್ಪೋರ್ಟ್ಸ್ ಡೇ, ಕ್ಯಾಂಟೀನು, ಕ್ಲಾಸಿಗೆ ಚಕ್ಕರ್ ಹೊಡೆದು ಅಂತರಗಂಗೆ ಬೆಟ್ಟ ಹತ್ತಿದ್ದು ಎಲ್ಲಾ ನೆನಪಾಯಿತು. ಅದನ್ನೆಲ್ಲ ಬೇರೆಯವರು ಬರೆಯುತ್ತಾರೆ ಬಿಡಿ. ನಾನು ಲೆಕ್ಕದ ಬಗ್ಗೆ ಬರೆಯುತ್ತೇನೆ.

ನಮ್ಮದು 2008–10ರ ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್, ಕಂಪ್ಯೂಟರ್ ಸೈನ್ಸ್) ಬ್ಯಾಚು. ಅದರ ಹಿಂದಿನ ವರ್ಷವಷ್ಟೇ ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಹೊಸ ಜಿಲ್ಲೆ ಆಗಿತ್ತು. ಆದರೂ ಚಿಂತಾಮಣಿ ಕಡೆಯ ಹುಡುಗರು ಕೋಲಾರದ ಬಸ್ಸನ್ನೇ ಹತ್ತುತ್ತಿದ್ದರು. ಶ್ರೀನಿವಾಸಪುರ, ಮುಳಬಾಗಿಲು, ಮಾಲೂರು, ಎಲ್ಲಾ ಕಡೆಯವರೂ ಇದ್ದೆವು. ಕ್ಲಾಸಿನಲ್ಲಿ ತುಂಬಾ ಜನರಿಗೆ ಮನೆಮಾತು ತೆಲುಗು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರೇ ಜಾಸ್ತಿ. ಪಿಯುಸಿಯ ಇಂಗ್ಲಿಷ್ ಪುಸ್ತಕ ನೋಡಿ ಗಾಬರಿಯಾಗಿತ್ತು. ಅಂಕಿಗಳಾದರೂ ಹಳೆಯವೇ ಎಂಬುದೊಂದು ಸಮಾಧಾನ.

ಮ್ಯಾತ್ಸ್ ಸರ್ ಹೆಸರು ಇಲ್ಲಿ ಬರೆಯುತ್ತಿಲ್ಲ. "ನನ್ನ ಹೆಸರು ಹಾಕಿದರೆ ಸ್ಟೆಪ್ಸ್ ಎಲ್ಲಾ ಸರಿ ಇರಬೇಕು" ಎಂದು ಫೋನಿನಲ್ಲೇ ಹೆದರಿಸಿದ್ದಾರೆ. ಹಳೆಯ ವಿದ್ಯಾರ್ಥಿಗಳಿಗೆ ಯಾರೆಂದು ಗೊತ್ತಾಗುತ್ತದೆ.

ಬೋರ್ಡಿನ ಮೇಲೆ ಪ್ರಶ್ನೆ ಬರೆದ ತಕ್ಷಣ ನಾವು ಪೆನ್ನು ಕೆಳಗಿಡಬೇಕಿತ್ತು. "ಚೂಡಂಡ್ರಾ, ಮೊದಲು ನೋಡಿ. ಬರೆಯೋದು ಇದ್ದೇ ಇದೆ" ಎನ್ನುತ್ತಿದ್ದರು. ಒಂದೆರಡು ನಿಮಿಷ ಯಾರೂ ಏನೂ ಬರೆಯುವಂತಿಲ್ಲ. ಮೊದಮೊದಲು ನಮಗೆ ಇದು ಟೈಮ್ ವೇಸ್ಟ್ ಅನ್ನಿಸುತ್ತಿತ್ತು.

ಒಂದು ದಿನ ಬರೆದರು: 99⁵⁰ + 100⁵⁰ ದೊಡ್ಡದೋ, 101⁵⁰ ದೊಡ್ಡದೋ? ಬಂಗಾರಪೇಟೆಯ ಗೆಳೆಯನೊಬ್ಬ ಇಂಜಿನಿಯರಿಂಗ್ ಓದುತ್ತಿದ್ದ ಅಣ್ಣನ ಸೈಂಟಿಫಿಕ್ ಕ್ಯಾಲ್ಕುಲೇಟರನ್ನು ಬ್ಯಾಗಿನಲ್ಲಿ ತಂದಿದ್ದ. ಪರೀಕ್ಷೆಗೆ ಅದನ್ನು ಬಿಡುವುದಿಲ್ಲ, ಸುಮ್ನೆ ಶೋಕಿಗೆ. ಡೆಸ್ಕಿನ ಕೆಳಗೆ ಒತ್ತಿದ. 99⁵⁰ಕ್ಕೆ ಉತ್ತರ ಬಂತು. 100⁵⁰ ಒತ್ತಿದರೆ 'ಮ್ಯಾತ್ ಎರರ್'. ಮತ್ತೆ ಒತ್ತಿದ. ಮತ್ತೆ ಅದೇ. ಸರ್ ಗಮನಿಸಿದರು. ಬೈಯಲಿಲ್ಲ. ಕ್ಯಾಲ್ಕುಲೇಟರ್ ಇಸ್ಕೊಂಡು ಇಡೀ ಕ್ಲಾಸಿಗೆ ತೋರಿಸಿದರು. ಆ ಮಿಷನ್ನಿಗೆ 10ರ ಘಾತವನ್ನು 99ರ ಆಚೆ ಬರೆಯಲು ಜಾಗವಿಲ್ಲ. 100⁵⁰ ಎಂದರೆ ಸರಿಯಾಗಿ 10¹⁰⁰. ಒಂದೇ ಒಂದು ಹೆಜ್ಜೆ ಆಚೆ. ಸರ್ ಅದನ್ನು ಬೇಕೆಂದೇ ಆರಿಸಿದ್ದರೋ ಏನೋ, ನಾವು ಕೇಳಲಿಲ್ಲ.

ಆಮೇಲೆ ಬೋರ್ಡಿಗೆ ಹೋದರು. 99⁵⁰ ಅನ್ನು ಆ ಕಡೆಗೆ ಕಳಿಸಿ. ಈಗ ಕೇಳಬೇಕಾದದ್ದು, 101⁵⁰ − 99⁵⁰ ಎಂಬುದು 100⁵⁰ಕ್ಕಿಂತ ದೊಡ್ಡದಾ? ಒಂದು (100 + 1)⁵⁰, ಇನ್ನೊಂದು (100 − 1)⁵⁰. ಎರಡನ್ನೂ ಬೈನಾಮಿಯಲ್ ಪ್ರಕಾರ ಬಿಡಿಸಿ ಕಳೆದರೆ ಅರ್ಧ ಪದಗಳು ಹೊಡೆದುಹೋಗುತ್ತವೆ. ಉಳಿದವು ಎರಡರಷ್ಟಾಗುತ್ತವೆ. ಉಳಿದದ್ದರಲ್ಲಿ ಮೊದಲನೆಯದು 2 × 50 × 100⁴⁹. ಎರಡು ಐವತ್ತಲ ನೂರು. ಅಂದರೆ ಅದೊಂದೇ 100⁵⁰ ಆಯಿತು! ಅದರ ಹಿಂದೆ ಇನ್ನೂ ಪದಗಳ ಸಾಲೇ ಇದೆ, ಎಲ್ಲಾ ಪ್ಲಸ್. ಹಾಗಾಗಿ 101⁵⁰ ದೊಡ್ಡದು. ಇಡೀ ಲೆಕ್ಕದಲ್ಲಿ ನಾವು ಗುಣಿಸಿದ್ದು ಎರಡು ಐವತ್ತಲ ಮಾತ್ರ.

ಕ್ಯಾಲ್ಕುಲೇಟರ್ ಇಲ್ಲದ ಲೆಕ್ಕ ಎಂದರೆ ಬಾಯಿಲೆಕ್ಕ ಎಂದುಕೊಳ್ಳುವವರು ತುಂಬಾ ಜನ. ಬಾಯಿಲೆಕ್ಕದಲ್ಲಿ ನಮ್ಮಪ್ಪನೇ ಗಟ್ಟಿಗರು. ಕೋಲಾರದ ಎಪಿಎಂಸಿಗೆ ಟೊಮೇಟೊ ಹಾಕುತ್ತಿದ್ದರು. ಬಾಕ್ಸಿಗೆ 15 ಕೆ.ಜಿ. 68 ಬಾಕ್ಸ್ ಎಂದರೆ 680, ಅದರರ್ಧ 340, ಒಟ್ಟು 1020 ಕೆ.ಜಿ. ಮಂಡಿಯವರು ಪಟ್ಟಿ ಬರೆಯುವಷ್ಟರಲ್ಲಿ ಕಮಿಷನ್ ಕಳೆದು ಕೈಗೆ ಬರುವ ದುಡ್ಡನ್ನೂ ಹೇಳಿಬಿಡುತ್ತಿದ್ದರು. ನಮ್ಮ ಸರ್ ಹಾಗಲ್ಲ. ಹದಿನೇಳು ಎಂಟಲ ಎಷ್ಟು ಎಂದರೆ ಒಂದು ಕ್ಷಣ ಮೇಲೆ ನೋಡುತ್ತಿದ್ದರು. ಅವರಿಗೆ ಸ್ಪೀಡ್ ಬೇಕಿರಲಿಲ್ಲ. ಗುಣಾಕಾರ ಮಾಡದೇ ಇರಲು ದಾರಿ ಹುಡುಕು ಎನ್ನುವುದೇ ಅವರ ಪಾಠ. ಸೋಮಾರಿಗಳ ಗಣಿತ ಎಂದು ನಾವು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು. ಈಗ ಬೀದಿಗೊಂದು 'ಸ್ಪೀಡ್ ಮ್ಯಾತ್ಸ್' ಬೋರ್ಡು ನೋಡಿದಾಗ ಈ ಎರಡೂ ಬೇರೆಬೇರೆ ಎಂದು ಯಾರಾದರೂ ಆ ಮಕ್ಕಳಿಗೆ ಹೇಳಬಾರದಾ ಅನ್ನಿಸುತ್ತದೆ.

ಫಿಸಿಕ್ಸ್ ಪ್ರಾಕ್ಟಿಕಲ್‌ಗೆಂದು ಕ್ಲಾರ್ಕ್ಸ್ ಟೇಬಲ್ಸ್ (ಲಾಗ್, ಸೈನ್, ಕಾಸ್ ಬೆಲೆಗಳ ಪಟ್ಟಿಯ ಪುಸ್ತಕ) ಎಲ್ಲರ ಹತ್ತಿರ ಇತ್ತು. ಕಾಸ್ 20°, ಕಾಸ್ 40°, ಕಾಸ್ 80°, ಮೂರನ್ನೂ ಗುಣಿಸಿ ಎಂದಾಗ ಮೊದಲ ಬೆಂಚಿನವರು ಟೇಬಲ್ ತೆಗೆದರು. 0.9397, 0.7660, 0.1736. ಬೆವರು ಸುರಿಸಿ ಗುಣಿಸಿ 0.12496 ತಂದರು. ಸರ್ ಕೇಳಿದರು, "ಇದು ಎಂಟರಲ್ಲಿ ಒಂದು ಭಾಗಾನಾ, ಅದರ ಪಕ್ಕದ್ದಾ?" ಯಾರೂ ಬಾಯಿ ಬಿಡಲಿಲ್ಲ. ಟೇಬಲ್ ಅದನ್ನು ಯಾವತ್ತೂ ಹೇಳುವುದಿಲ್ಲ. ಸೈನ್ 20° ಒಂದನ್ನು ತಂದು ಮುಂದೆ ನಿಲ್ಲಿಸಿದರು. ಸೈನ್ 20° ಮತ್ತು ಕಾಸ್ 20° ಗುಣಿಸಿದರೆ ಸೈನ್ 40°ಯ ಅರ್ಧ. ಅದು ಕಾಸ್ 40° ಜೊತೆ ಸೇರಿ ಸೈನ್ 80°ಯ ಕಾಲು. ಅದು ಕಾಸ್ 80° ಜೊತೆ ಸೇರಿ ಸೈನ್ 160°ಯ ಎಂಟರಲ್ಲಿ ಒಂದು. ಸೈನ್ 160° ಎಂದರೆ ಸೈನ್ 20°ಯೇ ಅಲ್ವಾ! ಕರೆತಂದವನನ್ನು ವಾಪಸ್ ಕಳಿಸಿದರೆ ಉಳಿಯುವುದು 1/8. ಪಕ್ಕದ್ದಲ್ಲ, ಅದೇ.

ನನಗೆ ಇವತ್ತಿಗೂ ಅಚ್ಚುಮೆಚ್ಚು ಇನ್ನೊಂದು. (√2 + 1)⁶ ಎಷ್ಟು? ಪಾಯಿಂಟ್ ಆದಮೇಲೆ ಎರಡು ಅಂಕಿ ಬೇಕು. √2 ಅನ್ನು 1.414 ಎಂದು ಹಿಡಿದು ಆರು ಸಲ ಗುಣಿಸಬಹುದು, ಮಧ್ಯಾಹ್ನದ ಊಟ ತಪ್ಪುತ್ತದೆ. ಸರ್ ಅದರ ಪಕ್ಕದಲ್ಲಿ (√2 − 1)⁶ ಬರೆದರು. ಎರಡನ್ನೂ ಕೂಡಿದರೆ √2 ಇರುವ ಪದಗಳೆಲ್ಲ ಮಾಯ. 2(8 + 60 + 30 + 1), ಅಂದರೆ 198. ಪೂರ್ಣಾಂಕ! ಈಗ ಆ ಪುಟ್ಟ (√2 − 1)⁶ ಎಷ್ಟು ಪುಟ್ಟದು ಎಂದು ತಿಳಿದರೆ ಸಾಕು. (√2 − 1)² ಎಂದರೆ 3 − 2√2. √2 ಎಂಬುದು 1.4ಕ್ಕಿಂತ ಜಾಸ್ತಿ, ಹಾಗಾಗಿ ಇದು 0.2ಕ್ಕಿಂತ ಕಮ್ಮಿ. ಅದರ ಘನ 0.008ಕ್ಕಿಂತ ಕಮ್ಮಿ. 198ರಲ್ಲಿ ಅಷ್ಟು ಚೂರು ಕಳೆದರೆ 197.99 ಚಿಲ್ಲರೆ. √2ರ ಬೆಲೆ 1.4ಕ್ಕಿಂತ ಜಾಸ್ತಿ ಎಂಬುದೊಂದು ಬಿಟ್ಟು ಬೇರೇನೂ ಬೇಕಾಗಲಿಲ್ಲ. ಆವತ್ತು ಹಿಂದಿನ ಬೆಂಚಿನಿಂದ ಯಾರೋ ಶಿಳ್ಳೆ ಹೊಡೆದರು. ಸರ್ ತಿರುಗಿ ಕೂಡ ನೋಡಲಿಲ್ಲ. ಖುಷಿಯಾಗಿತ್ತು ಅಂತ ಕಾಣುತ್ತದೆ.

ನಮ್ಮ ಕಾಲದ ಸೆಕೆಂಡ್ ಪಿಯುಸಿಯಲ್ಲಿ ಕಾಂಗ್ರುಯೆನ್ಸ್ (ಭಾಗಿಸಿದಾಗ ಉಳಿಯುವ ಶೇಷದ ಲೆಕ್ಕ) ಪಾಠ ಇತ್ತು. 7¹⁰⁰ರ ಕೊನೆಯ ನಾಲ್ಕು ಅಂಕಿ ಯಾವುವು ಎಂಬಂಥ ಪ್ರಶ್ನೆಗಳು. 7⁴ ಎಂದರೆ 2401 ಎಂದು ಕಣ್ಣಿಗೆ ಬಿದ್ದರೆ 0001 ಎಂಬ ಉತ್ತರ ದೂರವಿಲ್ಲ. ಈಗಿನ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಆ ಪಾಠ ಇಲ್ಲ. ನನ್ನ ಪ್ರಕಾರ ಅದು ನಷ್ಟ. ಮಗ್ಗಿ ಬಿಟ್ಟು ಬೇರೇನೂ ಗೊತ್ತಿಲ್ಲದವರೂ ಕೂತು ತಲೆ ಓಡಿಸಬಹುದಾದ ಪಾಠ ಅದೊಂದೇ ಆಗಿತ್ತು.

ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ. ಅಲ್ಲಿ ಪೆನ್ನು ಕೆಳಗಿಟ್ಟು ನೋಡುತ್ತಾ ಕೂತರೆ ಸೀಟು ಹೋಗುತ್ತದೆ ಎಂದು ನಾವು ಸರ್ ಜೊತೆ ವಾದ ಮಾಡಿದ್ದೆವು. ಅವರು ಒಪ್ಪಲಿಲ್ಲ. ನಾನು ಈಗಲೂ ಪೂರ್ತಿ ಒಪ್ಪಿಲ್ಲ. ಕೆಲವು ಪ್ರಶ್ನೆಗಳಿಗೆ ಆಪ್ಷನ್ನುಗಳನ್ನು ಒಂದೊಂದಾಗಿ ಹಾಕಿ ನೋಡುವುದೇ ಬೇಗ.

ಸೆಕೆಂಡ್ ಪಿಯುಸಿಯ ಕೊನೆಯ ಕ್ಲಾಸಿನಲ್ಲಿ ಸರ್ ಒಂದು ಪ್ರಶ್ನೆ ಬರೆದು ಉತ್ತರ ಹೇಳದೆ ಹೋದರು. 'ಇ' ಎಂಬ ಸಂಖ್ಯೆಯ (ಸುಮಾರು 2.718) ಪೈ ಘಾತ ದೊಡ್ಡದೋ, ಪೈಯ 'ಇ' ಘಾತ ದೊಡ್ಡದೋ? ಈಗ ಓದುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ ಇದನ್ನು ದಾಟಿಸುತ್ತಿದ್ದೇನೆ. ಮೊಬೈಲ್ ಕೇಳಿದರೆ ಒಂದು 23.14, ಇನ್ನೊಂದು 22.46 ಎನ್ನುತ್ತದೆ. ಅದಕ್ಕೆ ಸರ್ ಮಾರ್ಕ್ಸ್ ಕೊಡುವುದಿಲ್ಲ. ಎಕ್ಸ್‌ನ ಲಾಗ್ ಅನ್ನು ಎಕ್ಸ್‌ನಿಂದಲೇ ಭಾಗಿಸಿ, ಆ ಫಂಕ್ಷನ್ನಿನ ಗರಿಷ್ಠ ಬೆಲೆ ಎಲ್ಲಿ ಬರುತ್ತದೆ ನೋಡಿ. ಲಾಗ್ ಅಂದರೆ 'ಇ' ಬೇಸಿನದು. ಡೆರಿವೇಟಿವ್ ಪಾಠ ಮುಗಿದಿದ್ದರೆ ನಾಲ್ಕು ಸಾಲಿನ ಲೆಕ್ಕ.