ನಿನ್ನೆಯ ಧಾರಾವಾಹಿ ಅತ್ತೆಗೆ ಬೇಡವಂತೆ

ಹೊಸ ಟಿವಿ ಗೋಡೆಗೆ ಕೂತ ಮೇಲೆ ನಮ್ಮನೆಯಲ್ಲಿ ರಿಮೋಟ್ ಎರಡಾಗಿವೆ. ಡಿಶ್ ಪೆಟ್ಟಿಗೆಯ ರಿಮೋಟಿಗೆ ಅತ್ತೆ ಕೆಂಪು ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದಾರೆ. "ಬ್ಯಾಂಡ್ ಇದ್ದದ್ದು ನಂದು, ಇಲ್ಲದ್ದು ಅವನದ್ದು" ಅಂತ ತೀರ್ಪೂ ಕೊಟ್ಟಾಗಿದೆ. ಅವನು ಅಂದರೆ ಅವರ ಮಗ, ಕ್ರಿಕೆಟ್ ಪಕ್ಷದವರು.

ರೆಕಾರ್ಡಿಂಗ್ ಇರುವ ಪೆಟ್ಟಿಗೆಯನ್ನೇ ತಂದದ್ದು ರಾತ್ರಿ ಎಂಟು ಗಂಟೆಯ ಜಗಳ ನಿಲ್ಲಲಿ ಅಂತ. ಆ ಹೊತ್ತಿಗೆ ಅತ್ತೆಗೆ ಧಾರಾವಾಹಿ, ಇವರಿಗೆ ಮ್ಯಾಚು. ಒಂದನ್ನು ರೆಕಾರ್ಡ್‌ಗೆ ಹಾಕಿ ಇನ್ನೊಂದನ್ನು ನೋಡಿದರಾಯಿತು ಅಂದುಕೊಂಡರೆ, ನಮ್ಮ ಪೆಟ್ಟಿಗೆಯೊಳಗೆ ಟ್ಯೂನರ್ ಇರುವುದು ಒಂದೇ. ಅದು ಯಾವ ಚಾನೆಲ್ ಹಿಡಿದು ಬರೆದುಕೊಳ್ಳುತ್ತಿದೆಯೋ ಅದನ್ನೇ ನೋಡುತ್ತ ಕೂರಬೇಕು. ಎರಡು ಟ್ಯೂನರ್ ಇರುವ ಪೆಟ್ಟಿಗೆಗೆ ಡಿಶ್‌ನಿಂದ ಇನ್ನೊಂದು ತಂತಿ ಎಳೆಯಬೇಕು, ಬೆಲೆಯೂ ಜಾಸ್ತಿ. ಕೊನೆಗೆ ದಾರಿ ತೋರಿಸಿದ್ದು ಟಿವಿಯೇ. ಮ್ಯಾಚು ಆ್ಯಪ್‌ನಲ್ಲಿ ಬರ್ತದೆ, ಅದಕ್ಕೆ ಡಿಶ್ ಬೇಡ, ವೈಫೈ ಸಾಕು. ಪೆಟ್ಟಿಗೆ ಹಿಂದೆ ತನ್ನ ಪಾಡಿಗೆ ಧಾರಾವಾಹಿ ಬರೆದುಕೊಳ್ಳುತ್ತಿರುತ್ತದೆ, ಮುಂದೆ ಮ್ಯಾಚು ಓಡುತ್ತಿರುತ್ತದೆ.

ಅತ್ತೆ ಒಪ್ಪಲಿಲ್ಲ. ರೆಕಾರ್ಡ್ ಆದ ಧಾರಾವಾಹಿ ಅವರಿಗೆ ತಂಗಳು ಇದ್ದ ಹಾಗೆ. "ಇವತ್ತಿಂದು ಇವತ್ತೇ ನೋಡ್ಬೇಕು ಮಾರಾಯ್ತಿ. ಬೆಳಿಗ್ಗೆ ತಂಗಿ ಫೋನ್ ಮಾಡಿ ಎಂತಾಯ್ತು ಅಂದ್ರೆ ನಾನು ಎಂತ ಹೇಳ್ಲಿ?" ಈ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ. ಧಾರಾವಾಹಿಯ ಅರ್ಧ ರುಚಿ ಮರುದಿನದ ಫೋನಿನಲ್ಲೇ ಇದೆ. ಜಾಹೀರಾತು ಓಡಿಸಬಹುದು ಅಂತ ಆಸೆ ತೋರಿಸಿದೆ. ಅದೂ ಬೇಡವಂತೆ, ಜಾಹೀರಾತು ಬಂದಾಗಲೇ ಅವರು ಎದ್ದು ಹಾಲಿನ ಉರಿ ಸಣ್ಣ ಮಾಡುವುದು, ಬಚ್ಚಲೊಲೆಗೆ ಕಟ್ಟಿಗೆ ದೂಡುವುದು.

ಅವರು ಸೋತದ್ದು ಮಳೆಗೆ.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆ ಬಿಟ್ಟು ಒಳಗಿರುವ ತೋಟದ ಮನೆ. ಕೇಬಲ್‌ನವರು ಈ ಕಡೆ ತಲೆ ಹಾಕಿದವರಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಗುಡ್ಡ ಇರುವಾಗ ಯಾರು ತಂತಿ ಎಳೀತಾರೆ? ಹಾಗಾಗಿ ತೊಂಬತ್ತರ ದಶಕದಲ್ಲೇ ಮಾವ ಅಂಗಳದಾಚೆ ಜಾಲರಿಯ ದೊಡ್ಡ ಡಿಶ್ ಹಾಕಿಸಿದ್ದರು. ಅದು ಈಗಲೂ ಅಲ್ಲೇ ಇದೆ, ಹಾಗಲಬಳ್ಳಿ ಹಬ್ಬಿದೆ. ಜಾಗ ತಿನ್ನುತ್ತಿತ್ತು, ಮಂಗ ಹತ್ತಿ ಕೂತರೆ ದಿಕ್ಕು ತಪ್ಪುತ್ತಿತ್ತು, ಆದರೆ ಜಡಿಮಳೆಯಲ್ಲೂ ಚಿತ್ರ ಹೋಗುತ್ತಿರಲಿಲ್ಲ. ಅದಕ್ಕೆ ಬರುತ್ತಿದ್ದದ್ದು ಸಿ ಬ್ಯಾಂಡ್, ಸುಮಾರು 4 ಗಿಗಾಹರ್ಟ್ಸ್. ಅಲೆಯ ಉದ್ದ ಏಳೆಂಟು ಸೆಂಟಿಮೀಟರ್, ಮಳೆಹನಿ ಅದಕ್ಕೆ ಲೆಕ್ಕಕ್ಕಿಲ್ಲ. ಈಗಿನ ಸಣ್ಣ ಡಿಶ್‌ನದು ಕೆಯು ಬ್ಯಾಂಡ್, 11–12 ಗಿಗಾಹರ್ಟ್ಸ್, ಅಲೆ ಎರಡೂವರೆ ಸೆಂಟಿಮೀಟರ್ ಆಸುಪಾಸು. ಜೋರು ಮಳೆ ಅದನ್ನು ದಾರಿಯಲ್ಲೇ ಹೀರಿ ಚೆದುರಿಸಿಬಿಡ್ತದೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆಯೇ 7,000 ಮಿಲಿಮೀಟರ್ ದಾಟುತ್ತದೆ. ಇನ್ನು ಅದರ ನೆರೆಯಲ್ಲಿರುವ ನಮ್ಮ ಸಣ್ಣ ಡಿಶ್‌ನ ಪಾಡು ಹೇಳಬೇಕೆ.

ಎಂಟು ಗಂಟೆಗೆ ಮಳೆ ಹೊಡೆದರೆ ಧಾರಾವಾಹಿ ಇಲ್ಲ, ರೆಕಾರ್ಡಿಂಗೂ ಇಲ್ಲ. ಆದರೆ ಅದೇ ಕಂತು ರಾತ್ರಿ ತಡವಾಗಿ ಒಮ್ಮೆ, ಮರುದಿನ ಇನ್ನೊಮ್ಮೆ ಬರ್ತದೆ. ಆ ಮರುಪ್ರಸಾರಗಳಿಗೂ ರೆಕಾರ್ಡ್ ಹಾಕಿಟ್ಟರೆ ಎಲ್ಲಾದರೂ ಒಂದು ಕಡೆ ಮಳೆ ಹೊಳವಾಗಿರ್ತದೆ. ಬೆಳಿಗ್ಗೆ ಕಾಫಿ ಹೊತ್ತಿಗೆ, ತಂಗಿಯ ಫೋನ್ ಬರುವ ಮೊದಲು, ಅತ್ತೆ ಅದನ್ನು ನೋಡಿ ಮುಗಿಸ್ತಾರೆ. ತಂಗಳು ಎಂಬ ಮಾತು ಈಗ ಕೇಳಿಸುವುದಿಲ್ಲ.

ಕರೆಂಟು ಇನ್ನೊಂದು ಕಥೆ. ರೆಕಾರ್ಡಿಂಗ್ ನಡುವೆ ಹೋದರೆ ಕಂತು ಎರಡು ತುಂಡಾಗುತ್ತದೆ, ಪೆಟ್ಟಿಗೆ ಮತ್ತೆ ಎದ್ದು ಕೂರುವಷ್ಟರಲ್ಲಿ ಸೊಸೆ ಮನೆ ಬಿಟ್ಟು ಹೋಗಿರುತ್ತಾಳೆ. ಇವರು ಪೆಟ್ಟಿಗೆಯನ್ನೂ ಹಾರ್ಡ್ ಡಿಸ್ಕನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿದರು. ಎರಡೂ ಸೇರಿ ಒಂದು ಸಣ್ಣ ಎಲ್‌ಇಡಿ ಬಲ್ಬಿಗಿಂತ ಸ್ವಲ್ಪ ಹೆಚ್ಚು ಎಳೆಯಬಹುದು ಅಷ್ಟೆ. ಟಿವಿ ಮಾತ್ರ ಹೊರಗೆ. ಮನೆಯೆಲ್ಲ ಕತ್ತಲಿದ್ದರೂ ಪೆಟ್ಟಿಗೆಯ ಕೆಂಪು ದೀಪ ಉರಿಯುತ್ತ ತನ್ನ ಕೆಲಸ ಮಾಡ್ತಿರ್ತದೆ.

ಚಿತ್ರದ ಬಗ್ಗೆಯೂ ತಕರಾರು ಇತ್ತು. ಹಳೇ ಸಿನಿಮಾ ಹಾಕಿದರೆ ಎಲ್ಲರೂ ಅಂಗಡಿಯ ಸಿಸಿಟಿವಿಯಲ್ಲಿ ಓಡಾಡಿದ ಹಾಗೆ ನುಣ್ಣಗೆ ಕಾಣುತ್ತಿದ್ದರು. ಸಿನಿಮಾ ಇರುವುದು ಸೆಕೆಂಡಿಗೆ 24 ಚಿತ್ರ. ಟಿವಿ ನಡುನಡುವೆ ತಾನೇ ಚಿತ್ರ ಸೃಷ್ಟಿಸಿ ತುಂಬುತ್ತದೆ. ಸೆಟ್ಟಿಂಗ್‌ನಲ್ಲಿ ಮೋಷನ್ ಅನ್ನುವುದನ್ನು ಆಫ್ ಮಾಡಿದ ಮೇಲೆ ಸರಿಹೋಯಿತು. ಹೊಸ ಟಿವಿ ತಂದವರು ಮೊದಲು ಮಾಡಬೇಕಾದ ಕೆಲಸ ಅದೇ ಅನ್ನುತ್ತೇನೆ. ಆದರೆ ಹಳೇ ಕಾರ್ಯಕ್ರಮಗಳ ಎರಡು ಬದಿಯ ಕಪ್ಪು ಪಟ್ಟಿಯ ವಿಷಯದಲ್ಲಿ ನಾನು ಗೆಲ್ಲಲಿಲ್ಲ. "ದುಡ್ಡು ಕೊಟ್ಟದ್ದು ಪೂರ್ತಿ ಟಿವಿಗೆ ಅಲ್ವಾ?" ಅಂದರು ಅತ್ತೆ. ಹಾಗಾಗಿ ನಮ್ಮನೆಯಲ್ಲಿ ಹಳಬರೆಲ್ಲ ಸ್ವಲ್ಪ ದಪ್ಪಗೆ, ಗಿಡ್ಡಗೆ ಕಾಣ್ತಾರೆ.

ನನಗೆ ಬೇಕಾದದ್ದು ಯಕ್ಷಗಾನ. ಚಂದನದಲ್ಲಿ ಬಂದಾಗ ಹಿಡಿದಿಟ್ಟು ತಾಳಮದ್ದಳೆ ಹುಚ್ಚಿನ ಪಕ್ಕದ ಮನೆ ಹೆಗ್ಡೇರಿಗೆ ಪೆನ್ ಡ್ರೈವ್‌ನಲ್ಲಿ ಕೊಡೋಣ ಅಂದುಕೊಂಡಿದ್ದೆ. ಆಗುವುದಿಲ್ಲ. ಡಿಸ್ಕಿನಲ್ಲಿರುವುದೆಲ್ಲ ಬೀಗ ಹಾಕಿದ ಫೈಲು, ಈ ಪೆಟ್ಟಿಗೆ ಬಿಟ್ಟರೆ ಬೇರೆಲ್ಲೂ ತೆರೆಯದು. ಪೆಟ್ಟಿಗೆ ಕೆಟ್ಟು ಬೇರೆಯದು ಬಂದರೆ ನಮಗೂ ತೆರೆಯದು. ಹಿಂದೆ ವಿಸಿಆರ್ ಕಾಲದಲ್ಲಿ ಒಂದೇ ಕ್ಯಾಸೆಟ್ಟು ಊರೆಲ್ಲ ಸುತ್ತಿ, ಗೆರೆ ಗೆರೆಯಾಗಿ ವಾಪಸು ಬರುತ್ತಿತ್ತು. ಈಗಿನ ಚಿತ್ರಕ್ಕೆ ಗೆರೆಯಿಲ್ಲ, ಹೊಸಿಲು ದಾಟುವ ಯೋಗವೂ ಇಲ್ಲ. ಇದೊಂದು ನನಗೆ ಇಷ್ಟವಾಗಿಲ್ಲ.

ಎಚ್‌ಡಿಯಲ್ಲಿ ಗಂಟೆಗೆ ಮೂರ್ನಾಲ್ಕು ಜಿಬಿ ಹೋಗುತ್ತದೆ. 1 ಟಿಬಿ ಡಿಸ್ಕು ತುಂಬುತ್ತ ಬಂದಿದೆ. ಅಳಿಸುವುದು ಯಾರದ್ದು ಅನ್ನುವುದು ಈಗಿನ ಚರ್ಚೆ. ನೋಡಿಯಾದ ಕಂತುಗಳನ್ನು ತೆಗೆಯೋಣ ಅಂದರೆ, ಮದುವೆಯ ಕಂತುಗಳೊಂದೂ ಹೋಗಕೂಡದು ಅಂತ ಅತ್ತೆ ಹಟ ಹಿಡಿದಿದ್ದಾರೆ. ಹೆಗ್ಡೇರು ಮಾತ್ರ ಆದಿತ್ಯವಾರ ಮಧ್ಯಾಹ್ನ ಊಟ ಮುಗಿಸಿ ನಮ್ಮಲ್ಲಿಗೇ ಬಂದು ಕೂರ್ತಾರೆ, ಪ್ರಸಂಗ ಮುಗಿಯುವಷ್ಟರಲ್ಲಿ ಎರಡು ಸಲ ಚಹಾ ಆಗ್ತದೆ.